‘ಕ್ರಿಂಬ’ ಯಾರ ಭಾಷೆಯ ಮಾತು?

ಕೋವಿಡ್ ಕಳೆದು ಶಾಲೆಗಳು ಪೂರ್ತಿಯಾಗಿ ತೆರೆದ ವರ್ಷ. ನಾನು ಆಗ ಬಂಟ್ವಾಳ ತಾಲೂಕಿನ ಒಂದು ಸರಕಾರಿ ಪ್ರೌಢಶಾಲೆಯಲ್ಲಿ ಪ್ರಭಾರ ಮುಖ್ಯ ಶಿಕ್ಷಕಿಯಾಗಿದ್ದೆ. ಪ್ರಭಾರ ಅಂದರೆ ಹುದ್ದೆ ಖಾಲಿ ಇದ್ದುದರಿಂದ ಹಿರಿಯಳೆಂದು ನನ್ನ ತಲೆಗೆ ಕಟ್ಟಿದ್ದು. ನಾನು ಮೂಲತಃ ಕನ್ನಡ ಪಾಠ ಮಾಡುವವಳು. ಮೂಡುಬಿದಿರೆಯ ಮನೆಯಿಂದ ಏಳೂಕಾಲರ ಬಸ್ಸು ಹಿಡಿದು ಸಿದ್ದಕಟ್ಟೆ ದಾಟಿ ಶಾಲೆ ಸೇರುತ್ತಿದ್ದೆ. ಒಟ್ಟು ನೂರ ಹನ್ನೆರಡು ಮಕ್ಕಳು, ಒಂಬತ್ತನೆಯ ತರಗತಿಯಲ್ಲಿ ಮೂವತ್ತೆಂಟು. ಮನೆಯಲ್ಲಿ ತುಳು, ಕೊಂಕಣಿ, ಇಲ್ಲಿನ ಮುಸ್ಲಿಮರ ಬ್ಯಾರಿ ಆಡುವ ಮಕ್ಕಳು ಗೇಟಿನ ಒಳಗೆ ಬಂದ ಮೇಲೆ ಪುಸ್ತಕದ ಕನ್ನಡ ಆಡುತ್ತಿದ್ದರು. ಮೂವತ್ತೊಂದು ವರ್ಷದ ಸೇವೆಯಲ್ಲಿ ಬಗೆಬಗೆಯ ದೂರುಗಳನ್ನು ನೋಡಿದ್ದೇನೆ. ದೂರು ಕೊಟ್ಟವರಿಗೂ ತೆಗೆದುಕೊಂಡವರಿಗೂ ಅರ್ಥ ಗೊತ್ತಿಲ್ಲದ ಪದದ ಮೇಲೆ ಬಂದ ದೂರು ಅದೊಂದೇ.

ಆಗಸ್ಟಿನ ಒಂದು ಬುಧವಾರ ಮೊದಲ ಪೀರಿಯಡ್ ಮುಗಿಯುವ ಮೊದಲೇ ಜಯರಾಮ ಎಂಬ ಪೋಷಕರು ಆಫೀಸಿಗೆ ಬಂದರು. ಪಿಕಪ್ ವಾಹನ ಓಡಿಸುವವರು, ಕೇರಳದ ಗಡಿಯ ಕನ್ಯಾನದ ಕಡೆಯಿಂದ ಆ ವರ್ಷವೇ ಶಾಲೆಯ ಊರಿಗೆ ಬಂದು ನೆಲೆಸಿದ್ದರು. ಅವರ ಮಗಳು ನಿಶ್ಮಿತಾ ಜೂನಿನಲ್ಲಿ ನಮ್ಮ ಒಂಬತ್ತನೆಯ ತರಗತಿಗೆ ಸೇರಿದ್ದಳು.

“ಟೀಚರ್, ನನ್ನ ಮಗಳಿಗೆ ಕ್ರಿಂಬ ಅಂತ ಬೈದಿದ್ದಾರೆ. ಅವಳು ನಿನ್ನೆಯಿಂದ ಸರಿಯಾಗಿ ಊಟ ಮಾಡಲಿಲ್ಲ,” ಅಂದರು.

“ಹಾಗೆಂದರೆ ಏನು?”

“ಅದು ನನಗೂ ಗೊತ್ತಿಲ್ಲ. ನಾನು ಕನ್ಯಾನದವ, ನನಗೆ ಮಲಯಾಳ ಬರ್ತದೆ. ಮಲಯಾಳದಲ್ಲಿ ಅಂಥ ಪದ ಇಲ್ಲ, ತುಳುವಿನಲ್ಲಿಯೂ ಇಲ್ಲ. ಹಾಗಾದರೆ ಬ್ಯಾರಿ ಭಾಷೆಯೇ ಅಲ್ಲವಾ? ನಮ್ಮ ಮಕ್ಕಳಿಗೆ ಬೈಲಿಕ್ಕೆ ಅಂತ ಇಟ್ಟುಕೊಂಡದ್ದು.”

ಬೈದವಳು ರಫೀದಾ ಎಂದು ಅವರು ಲಿಖಿತವಾಗಿಯೇ ಕೊಟ್ಟರು. ರಫೀದಾ ತರಗತಿಯಲ್ಲಿ ಮಾತು ಕಡಿಮೆ, ಬರವಣಿಗೆ ಜಾಸ್ತಿ ಇದ್ದ ಹುಡುಗಿ. ಅವಳ ತಂದೆ ಗಲ್ಫಿನಲ್ಲಿದ್ದರು. ಮನೆಯ ಯಜಮಾನಿಕೆ ಪುಂಜಾಲಕಟ್ಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಅವಳ ಅಜ್ಜನದು. ಊರೆಲ್ಲ ಅವರನ್ನು ಹಾಜಿಯವರು ಎಂದೇ ಕರೆಯುತ್ತಿತ್ತು. ನಾನು ರಫೀದಾಳನ್ನು ಕರೆದು ಕೇಳಿದೆ. ಅವಳು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ, ನೆಲ ನೋಡುತ್ತ ನಿಂತಳು.

ಮಧ್ಯಾಹ್ನದ ಹೊತ್ತಿಗೆ ವಿಷಯ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಹರಡಿತು. ‘ನಮ್ಮವರು’, ‘ಅವರು’ ಎಂಬ ಶಬ್ದಗಳು ಕಾಣಿಸಿಕೊಂಡವು. ಗುರುವಾರ ಯಾರೋ ಇಬ್ಬರು ಬೈಕಿನಲ್ಲಿ ಗೇಟಿನ ಹತ್ತಿರ ಬಂದು, ಆ ಹುಡುಗಿ ಯಾರು ಎಂದು ವಿಚಾರಿಸಿ ಹೋದರು. ನಮ್ಮ ಕಡೆಯಲ್ಲಿ ಇಂಥದು ಎಲ್ಲಿಂದ ಎಲ್ಲಿಗೆ ಮುಟ್ಟುತ್ತದೆ ಎಂದು ನಾನು ಬಲ್ಲೆ.

ಅದೇ ದಿನ ಹಾಜಿಯವರು ಬಂದರು. ಕುಳಿತುಕೊಳ್ಳಿ ಎಂದರೂ ಕೂರಲಿಲ್ಲ.

“ಮೇಡಂ, ನನಗೆ ಎಪ್ಪತ್ತೆರಡು ವರ್ಷ ಆಯಿತು. ಬ್ಯಾರಿಯಲ್ಲಿ ಅಂಥ ಮಾತು ನಾನು ಕೇಳಲಿಲ್ಲ. ಅದು ಘಟ್ಟದ ಬುಡದ ತುಳು ಇರಬೇಕು, ನೆರಿಯ ಕಡೆಯದ್ದು. ಆದರೆ ಈಗ ಅದನ್ನು ಯಾರು ಕೇಳ್ತಾರೆ? ಅರ್ಜಿ ಬರೆದು ತಂದಿದ್ದೇನೆ, ನೀವು ಟಿಸಿ ಕೊಡಿ. ಹುಡುಗಿ ಓದಿದ್ದು ಸಾಕು.”

ಟಿಸಿ ಅಂದರೆ ವರ್ಗಾವಣೆ ಪತ್ರ. ಪೋಷಕರು ಅರ್ಜಿ ಕೊಟ್ಟ ಮೇಲೆ ಶಾಲೆ ಹೆಚ್ಚು ದಿನ ತಡೆಹಿಡಿಯುವಂತಿಲ್ಲ. ಸಾಮಾನ್ಯವಾಗಿ ಅದು ಒಂದು ಶಾಲೆಯಿಂದ ಇನ್ನೊಂದಕ್ಕೆ ದಾರಿ. ರಫೀದಾಳ ಮಟ್ಟಿಗೆ ಮನೆಗೆ ದಾರಿಯಾಗಲಿತ್ತು. ಶನಿವಾರ ಎಸ್‌ಡಿಎಂಸಿ, ಅಂದರೆ ಪೋಷಕರೇ ಸದಸ್ಯರಾಗಿರುವ ಶಾಲಾ ಸಮಿತಿ, ಸಭೆ ಸೇರಲಿದೆ. ಅಲ್ಲಿಯವರೆಗೆ ತಾಳಿ ಎಂದು ಬೇಡಿಕೊಂಡೆ.

ಪದವನ್ನು ಹುಡುಕಲು ಹೊರಟೆ. ನೆರಿಯದಲ್ಲಿ ಹುಟ್ಟಿ ಬೆಳೆದ ಸಹೋದ್ಯೋಗಿಯೊಬ್ಬರಿಗೆ ಫೋನು ಮಾಡಿದೆ. “ನಮ್ಮಲ್ಲಿ ಹಾಗೆ ಹೇಳುವ ಕ್ರಮ ಇಲ್ಲ ಮಾರಾಯ್ರೆ. ಅದು ನಿಮ್ಮ ಮೂಡುಬಿದಿರೆ ಕಡೆಯದ್ದೋ ಏನೋ,” ಅಂದರು. ನಿಘಂಟು ತೆಗೆದೆ. ಕ್ರಿಮಿ ಇತ್ತು, ಕ್ರಿಯೆ ಇತ್ತು, ಕ್ರಿಂಬ ಇರಲಿಲ್ಲ. ವಿಚಿತ್ರವೆಂದರೆ ಆ ಪದ ತಮ್ಮದಲ್ಲ ಎಂದು ಎಲ್ಲರಿಗೂ ಖಾತ್ರಿಯಿತ್ತು, ಪಕ್ಕದವರದ್ದು ಎಂದೂ ಅಷ್ಟೇ ಖಾತ್ರಿಯಿತ್ತು.

ಶುಕ್ರವಾರ ಊಟದ ಬಿಡುವಿನಲ್ಲಿ ರಫೀದಾಳ ಪಕ್ಕದಲ್ಲಿ ಕೂರುವ ಅಶ್ವಿತಾ ಬಾಗಿಲಲ್ಲಿ ನಿಂತಳು. ಎದೆಗೆ ಮೂರು ದಪ್ಪ ನೋಟ್‌ಬುಕ್ಕುಗಳನ್ನು ಅವುಚಿಕೊಂಡಿದ್ದಳು.

“ಟೀಚರ್, ಅದು ಹೇಳಿದ್ದು ರಫೀದಾ ಅಲ್ಲ. ನಾನು. ಪದ ಮಾಡಿದ್ದೂ ನಾನೇ.”

“ಮತ್ತೆ ಅವಳು ಯಾಕೆ ಸುಮ್ಮನಿದ್ದಾಳೆ?”

“ನನ್ನನ್ನು ಶಾಲೆಯಿಂದ ತೆಗೀತಾರೆ ಅಂತ ಹೆದರಿಕೆ ಅವಳಿಗೆ. ನನಗೂ ಹೆದರಿಕೆ ಆಯ್ತು. ಆದರೆ ಅವಳಿಗೆ ಟಿಸಿ ಕೊಡ್ತಾರೆ ಅಂತ ಗೊತ್ತಾಯ್ತು.” ಇಷ್ಟು ಹೇಳಿ ಅಳತೊಡಗಿದಳು.

ರಫೀದಾಳನ್ನೂ ಕರೆಸಿದೆ. ಆಗ ಎಲ್ಲ ಹೊರಗೆ ಬಂತು. ಶಾಲೆ ಮುಚ್ಚಿದ್ದಾಗ ಅವರಿಬ್ಬರೂ ಫೋನಿನಲ್ಲಿ ಮಾತಾಡಿಕೊಂಡು ಒಂದು ವೈಜ್ಞಾನಿಕ ಕಾದಂಬರಿ ಆರಂಭಿಸಿದ್ದರು. ಹದಿನಾಲ್ಕು ಅಧ್ಯಾಯ ಆಗಿತ್ತು. ಝಿರಾ ಎಂಬ ಗ್ರಹ. ಅದಕ್ಕೆ ಎರಡು ಸೂರ್ಯ, ಒಂದು ಮುಳುಗುವಾಗ ಇನ್ನೊಂದು ಹುಟ್ಟುತ್ತದೆ. ಮರಗಳಿಲ್ಲ. ಅಲ್ಲಿಯವರು ದೊಡ್ಡ ಬಟ್ಟೆಯ ಚಪ್ಪರ ಹೊತ್ತು ತಿರುಗುತ್ತಾರೆ. ನೆರಳೇ ಅವರ ಆಸ್ತಿ, ಮನೆ, ಮರ್ಯಾದೆ. ಇನ್ನೊಬ್ಬರ ನೆರಳಿಗೆ ಕೇಳಿಯೇ ಕಾಲಿಡಬೇಕು. ಕೇಳದೆ ಬಂದು ನಿಲ್ಲುವವನು ಕ್ರಿಂಬ. ಆ ಗ್ರಹದಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ಬಡಾಯಿ ಕೊಚ್ಚುವವನಿಗೆ ‘ಒಣಕೊಡ’. ಹೊಗಳುವುದಕ್ಕೂ ಮಾತಿತ್ತು.

“ನೀವು ತುಂಬ ಅಗಲ ಟೀಚರ್,” ಎಂದಳು ರಫೀದಾ, ಉದಾಹರಣೆಯಾಗಿ.

ನಾನು ಸೆರಗು ಎಳೆದುಕೊಂಡೆ.

“ಅಲ್ಲ ಟೀಚರ್, ಅಗಲ ಅಂದರೆ ನೆರಳು ದೊಡ್ಡದು, ಎಲ್ಲರನ್ನೂ ಒಳಗೆ ಕರೆಯುವವರು ಅಂತ,” ಎಂದು ಅಶ್ವಿತಾ ಅಳುವಿನ ನಡುವೆಯೇ ತಿದ್ದಿದಳು.

“ಬೈಗುಳ ಯಾಕೆ ಹೊಸತು ಮಾಡಬೇಕಿತ್ತು? ಊರಲ್ಲಿ ಕಡಿಮೆ ಉಂಟಾ?” ಎಂದು ಕೇಳಿದೆ.

ಇಬ್ಬರೂ ಮುಖ ಮುಖ ನೋಡಿಕೊಂಡರು. ರಫೀದಾ ಮೊದಲ ನೋಟ್‌ಬುಕ್ಕಿನ ಮೂರನೆಯ ಪುಟ ತೆರೆದಳು. ಒಂದು ವಾಕ್ಯದ ಮೇಲೆ ಕೆಂಪು ಗೆರೆ, ಅಂಚಿನಲ್ಲಿ ನನ್ನದೇ ಅಕ್ಷರ: ‘ಕಥೆಯಲ್ಲಿ ಕೆಟ್ಟ ಮಾತು ಬೇಡ.’ ಎಂಟನೆಯ ತರಗತಿಯಲ್ಲಿದ್ದಾಗ ತೋರಿಸಿದ್ದರಂತೆ. ನಾನು ಮರೆತೇ ಬಿಟ್ಟಿದ್ದೆ.

“ಆಮೇಲೆ ನಾವು ಪಟ್ಟಿ ಮಾಡಿದೆವು ಟೀಚರ್,” ಎಂದಳು ರಫೀದಾ. “ಗೊತ್ತಿದ್ದ ಬೈಗುಳ ಎಲ್ಲ. ಒಂದು ಯಾರದ್ದಾದರೂ ಅಮ್ಮನಿಗೆ ಹೋಗ್ತದೆ, ಒಂದು ಜಾತಿಗೆ, ಒಂದು ಕಾಲು ಕುಂಟುವವರಿಗೆ. ಝಿರಾದಲ್ಲಿ ಅದೆಲ್ಲ ಇಲ್ಲ. ಮಾಡಿದ ತಪ್ಪಿಗೆ ಮಾತ್ರ ಬೈಯುವ ಪದ ಬೇಕಿತ್ತು.”

ಕನ್ನಡ ಪಾಠ ಮಾಡುತ್ತ ನಾನು ಎಷ್ಟೋ ಪದಗಳನ್ನು ಹೊಡೆದುಹಾಕಿದ್ದೇನೆ. ಆ ಜಾಗಕ್ಕೆ ಏನು ಬರಬೇಕು ಎಂದು ಅವರ ಹಾಗೆ ಯೋಚಿಸಿದವಳಲ್ಲ.

ನಿಶ್ಮಿತಾಳನ್ನು ಬೇರೆಯಾಗಿ ಮಾತಾಡಿಸಿದೆ. ಮಂಗಳವಾರ ಅವಳು ಹಿಂದಿನ ಬೆಂಚಿನಿಂದ ಬಗ್ಗಿ ಆ ನೋಟ್‌ಬುಕ್ಕನ್ನು ಇಣುಕಿದ್ದಳು. ಅಶ್ವಿತಾ ತಟ್ಟನೆ ‘ಕ್ರಿಂಬ’ ಅಂದಿದ್ದಳು. ಸುತ್ತಲಿನ ಹುಡುಗಿಯರು ನಕ್ಕಿದ್ದರು.

“ಅಪ್ಪ ರಫೀದಾನಾ ಅಂತ ಕೇಳಿದರು. ಅವಳೂ ಇದ್ದಳು ಅಂದೆ,” ಎಂದಳು. ಮತ್ತೆ ತಡೆದು, “ಅರ್ಥ ಏನು ಅಂತ ನಾನು ಅಶ್ವಿತಾ, ರಫೀದಾ ಇಬ್ಬರ ಹತ್ತಿರ ಕೇಳಿದ್ದೆ ಟೀಚರ್. ಹೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು, ನನಗೆ ಮಾತ್ರ ಗೊತ್ತಿರಲಿಲ್ಲ.”

ಅರ್ಥ ಹೇಳಿದೆ. “ಹಾಗಾದರೆ ಅವರು ಹೇಳಿದ್ದು ಸರಿಯೇ. ನಾನು ಕೇಳದೆ ನೋಡಿದ್ದು. ಈಗ ಕೇಳಿದರೆ ಓದಲಿಕ್ಕೆ ಕೊಡ್ತಾರಾ?”

ಶನಿವಾರ ಹನ್ನೊಂದೂವರೆಗೆ ಸಭೆ. ಜಯರಾಮರು ಒಂದು ತುದಿಯಲ್ಲಿ, ಹಾಜಿಯವರು ಇನ್ನೊಂದು ತುದಿಯಲ್ಲಿ ಕೂತಿದ್ದರು. ನಾನು ಭಾಷಣ ಮಾಡಲಿಲ್ಲ. ಕ್ರಿಂಬ ಎಂಬ ಪದ ಮೊದಲು ಬರುವ ಐದನೆಯ ಅಧ್ಯಾಯವನ್ನು ಅಶ್ವಿತಾಳಿಂದಲೇ ಓದಿಸಿದೆ. ಹಸಿದ ಪರದೇಶಿಯೊಬ್ಬ ಒಬ್ಬ ಮುದುಕಿಯ ನೆರಳಿಗೆ ಕೇಳದೆ ನುಗ್ಗುತ್ತಾನೆ. ಅವಳು ಅವನಿಗೆ ಚೆನ್ನಾಗಿ ಬೈದು, ಆಮೇಲೆ ನೀರು ಕೊಡುತ್ತಾಳೆ.

“ಹಾಗಾದರೆ ಇದು ಯಾರ ಭಾಷೆ ಟೀಚರ್?” ಎಂದು ಜಯರಾಮರು ಕೇಳಿದರು.

“ಈ ಇಬ್ಬರು ಮಕ್ಕಳದ್ದು,” ಅಂದೆ.

ಅವರು ಎದ್ದು ಆ ತುದಿಗೆ ಹೋದರು. “ನಾನು ಸರಿಯಾಗಿ ವಿಚಾರಿಸದೆ ಹೆಸರು ಬರೆದೆ ಹಾಜಿಯವರೇ. ನನ್ನ ಅರ್ಜಿ ಹಿಂದೆ ತೆಗೊಳ್ತೇನೆ. ನಿಮ್ಮದನ್ನೂ ತೆಗೊಳ್ಳಿ.” ಅಲ್ಲಿಯೇ ನಿಂತು, ತಪ್ಪು ತನ್ನದೆಂದು ತುಳುವಿನಲ್ಲಿ ಹೇಳಿ ವಾಟ್ಸಾಪ್ ಗುಂಪಿಗೆ ವಾಯ್ಸ್ ಮೆಸೇಜ್ ಕಳಿಸಿದರು. ಹಾಜಿಯವರು ಅವರ ಕೈ ಹಿಡಿದುಕೊಂಡರು. ಅರ್ಜಿಯ ಬಗ್ಗೆ ಮಾತ್ರ, “ಮನೆಯಲ್ಲಿ ಯೋಚಿಸಿ ಹೇಳ್ತೇನೆ,” ಎಂದು ಹೋದರು.

ಸೋಮವಾರ ಹಾಜರಿ ಕರೆಯುವಾಗ ರಫೀದಾಳ ಜಾಗ ಖಾಲಿ ಇತ್ತು. ಎರಡನೆಯ ಪೀರಿಯಡಿಗೆ ಪಾಠ ಮಾಡುತ್ತಿದ್ದಾಗ ಅಂಗಳದಲ್ಲಿ ಆಟೋ ನಿಂತ ಸದ್ದು. ಹಾಜಿಯವರು ಇಳಿಯಲಿಲ್ಲ. ರಫೀದಾ ಇಳಿದು ಬಂದು, “ಒಳಗೆ ಬರಬಹುದಾ ಟೀಚರ್?” ಎಂದಳು. ನಾನು ಹೇಳುವ ಮೊದಲು ತರಗತಿಯೇ ಬಾ ಎಂದಿತು.

ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋದ ವರದಿಯಲ್ಲಿ ‘ಪದದ ಅರ್ಥ’ ಎಂದು ಬರೆದು ಝಿರಾ ಗ್ರಹದ ವಿವರಣೆಯನ್ನೇ ಕೊಟ್ಟೆ. ಅಲ್ಲಿಂದ ಯಾರೂ ಮರುಪ್ರಶ್ನೆ ಕೇಳಲಿಲ್ಲ.

ಆ ಪ್ರಕರಣದ ಮೊದಲು, ಮಾತಿನಿಂದಾದ ಜಗಳ ಬಂದರೆ ಯಾರು ಹೇಳಿದ್ದು, ಏನು ಹೇಳಿದ್ದು ಎಂದು ಕೇಳುತ್ತಿದ್ದೆ. ಆಮೇಲೆ, ಅದರ ಅರ್ಥ ನಿನಗೆ ಯಾರಾದರೂ ಹೇಳಿದರಾ ಎಂಬುದನ್ನೂ ಕೇಳಲು ಕಲಿತೆ. ಎಷ್ಟೋ ಜಗಳಗಳು ಆ ಪ್ರಶ್ನೆಗೇ ಸಡಿಲವಾದವು. ಕಾದಂಬರಿ ಹತ್ತನೆಯ ತರಗತಿಯ ಪರೀಕ್ಷೆಯವರೆಗೂ ಮುಂದುವರಿಯಿತು. ಕೊನೆಯ ನೋಟ್‌ಬುಕ್ಕಿನ ಹಿಂಭಾಗದಲ್ಲಿ ನಿಶ್ಮಿತಾ ನಲವತ್ತಮೂರು ಪದಗಳ ಅರ್ಥಕೋಶ ಬರೆದಿದ್ದಳು. ಅದರ ಮೇಲ್ಗಡೆ, ಝಿರಾ ಗ್ರಹದ ಕಾನೂನೆಂದು ಅವಳೇ ಸೇರಿಸಿದ ಒಂದು ಸಾಲಿತ್ತು: ‘ಹೊಸದಾಗಿ ಬಂದವರಿಗೆ ಅರ್ಥ ಹೇಳಿಕೊಡದೆ ಅವರನ್ನು ಬೈಯಬಾರದು.’