ಒಲೆಯ ಮಗ್ಗುಲಲ್ಲಿಟ್ಟ ದೋಣಿ ಎಂಜಿನ್

ಆಗೆಲ್ಲ ನಮ್ಮ ಹಾನುಬಾಳಿನ ಕಡೆ ಮಳೆ ಹಿಡಿಯಿತೆಂದರೆ ಮನೆಯ ಸಾಮಾನೆಲ್ಲ ಒಲೆಯ ಹತ್ತಿರ ಬಂದು ಕೂರುತ್ತಿತ್ತು. ಹಸಿ ಸೌದೆ, ನನ್ನ ಯೂನಿಫಾರ್ಮ್, ಅಪ್ಪನ ಕಂಬಳಿ, ಬೂಷ್ಟು ಹಿಡಿಯುವ ಹಪ್ಪಳದ ಡಬ್ಬ. ಕಾಫಿ ಎಸ್ಟೇಟಿನ ಕೂಲಿಗಳಿಗೆ ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ ಬೆಚ್ಚಗಿದ್ದ ಜಾಗ ಅದೊಂದೇ. ಒಂದು ವರ್ಷ ಅಲ್ಲಿಗೆ ದೋಣಿಯ ಎಂಜಿನ್ನೂ ಬಂತು.

ಅದು ಚಿಕ್ಕಪ್ಪನದು. ಅಮ್ಮನ ತಂಗಿಯನ್ನು ಮದುವೆಯಾಗಿದ್ದ ಅವನು ಮಂಗಳೂರು ಕಡೆಯ ಮೀನುಗಾರ. ಕಡಲ್ಕೊರೆತದಲ್ಲಿ ಮನೆ ಹೋಗಿತ್ತು. ದೋಣಿಯನ್ನು ದಡಕ್ಕೆ ಎಳೆದಿಟ್ಟು, ಹಿಂಬದಿಗೆ ಸಿಕ್ಕಿಸಿದ್ದ ಎಂಜಿನ್ ಬಿಚ್ಚಿಕೊಂಡು, ಚಿಕ್ಕಮ್ಮನನ್ನೂ ಕರೆದುಕೊಂಡು ಮೀನಿನ ವ್ಯಾನಿನಲ್ಲಿ ಘಾಟಿ ಹತ್ತಿ ಬಂದಿದ್ದ. ಮಳೆ ಮುಗಿದ ಮೇಲೆ ಅವರ ಬದುಕು ಆ ಎಂಜಿನ್ನೊಂದರಿಂದಲೇ ಮತ್ತೆ ಶುರುವಾಗಬೇಕಿತ್ತು. ಮನೆ ತುಂಬ ಪೆಟ್ರೋಲು, ಮೀನು, ಉಪ್ಪು ಸೇರಿದ ವಾಸನೆ. ಸಮುದ್ರ ಅಂದರೆ ಇದೇ ವಾಸನೆ ಎಂದುಕೊಂಡು ನಾನು ಹತ್ತಿರ ಹೋಗಿ ಮೂಸುತ್ತಿದ್ದೆ.

"ಇದರ ಹೊಟ್ಟೇಲಿ ಉಪ್ಪುನೀರು ಉಂಟು ಅಕ್ಕ. ಡ್ರಮ್ಮಿಗೆ ಸಿಹಿನೀರು ತುಂಬಿಸಿ, ಅದರಲ್ಲಿಟ್ಟು ಓಡಿಸಿ ತೊಳೀಬೇಕು. ದೋಣಿ ನೋಡಿಕೊಂಡು ನಾಡಿದ್ದು ಬರ್ತೇನೆ, ನಾನೇ ಮಾಡ್ತೇನೆ," ಎಂದು ಅಮ್ಮನಿಗೆ ಹೇಳಿ ಚಿಕ್ಕಪ್ಪ ಹೋದ. ಅವನು ಇಳಿದ ಬೆನ್ನಿಗೇ ಗುಡ್ಡ ಕುಸಿದು ಘಾಟಿ ಬಂದ್ ಆಯಿತು. ಸುತ್ತುದಾರಿಯಲ್ಲಿ ಬರೋಣವೆಂದರೆ ಅವನಿಗೆ ಜ್ವರ ಹಿಡಿಯಿತಂತೆ.

ಅಮ್ಮ ಎಂಜಿನ್ನನ್ನು ಒಣಬಟ್ಟೆಯಲ್ಲಿ ಒರೆಸಿ, ಕೊಬ್ಬರಿ ಎಣ್ಣೆ ಸವರಿ, ಒಲೆಯ ಮಗ್ಗುಲಿಗೆ ನಿಲ್ಲಿಸಿದಳು.

"ಅವ್ರು ನೀರಲ್ಲಿ ತೊಳೀಬೇಕು ಅಂದವ್ರೆ ಕಣಕ್ಕ," ಎಂದಳು ಚಿಕ್ಕಮ್ಮ.

"ಈ ಮಳೇಲಿ ಕಬ್ಬಿಣಕ್ಕೆ ನೀರು ಹಾಕ್ತಾರೇನೇ? ತುಕ್ಕು ಹಿಡ್ದೋಯ್ತದೆ. ಅವ್ನು ಬಂದು ಏನಾದ್ರೂ ಮಾಡ್ಲಿ, ಅಲ್ಲೀಗಂಟ ಬೆಚ್ಚಗಿರ್ಲಿ."

ಇಬ್ಬರೂ ಸರಿಯಾಗಿ ಜಗಳ ಆಡಿದರು. ಕೊನೆಗೆ ಅಕ್ಕನ ಮಾತೇ ಗೆದ್ದಿತು. ಅಮ್ಮ ಆ ಮಳೆಗಾಲವಿಡೀ ಬೆಂಕಿ ಆರದಂತೆ ನೋಡಿಕೊಂಡಳು, ಬಾಣಂತಿ ಮನೆಯ ಹಾಗೆ.

ಮಳೆ ಹಿಂದಾದಾಗ ಚಿಕ್ಕಪ್ಪ ಬಂದ, ಜ್ವರದಲ್ಲಿ ಸೊರಗಿ ಅರ್ಧ ಆಳಾಗಿದ್ದ. ಎಂಜಿನ್ ಮುಟ್ಟಿದವನು ಕೈ ಹಿಂದಕ್ಕೆಳೆದುಕೊಂಡ. ಅದು ಬಿಸಿಯಾಗಿತ್ತು. ಅಂಗಳದ ಡ್ರಮ್ಮಿಗೆ ನೀರು ತುಂಬಿಸಿ, ಅದರ ಅಂಚಿಗೆ ಸಿಕ್ಕಿಸಿ, ಹಗ್ಗ ಎಳೆದ. ಎಂಜಿನ್ ಗುಡುಗಿತು. ನಾನು ಕುಣಿದೆ.

"ಕುಣೀಬೇಡ ಪುಟ್ಟಿ. ಪಕ್ಕದಿಂದ ಉಚ್ಚೆ ಹೊಯ್ದ ಹಾಗೆ ನೀರು ಬರಬೇಕು. ಬಂದರೆ ಜೀವ ಉಂಟು."

ಬರಲಿಲ್ಲ. ಆವಿ ಬಂತು. ನಿಲ್ಲಿಸಿ ಬಿಚ್ಚಿದ. ಎಂಜಿನ್ ತಣ್ಣಗಿಡಲು ನೀರೆತ್ತುವ ರಬ್ಬರ್ ಚಕ್ರ ಕಾವಿಗೆ ಒಣಗಿ ಪುಡಿಯಾಗಿತ್ತು. ಕೊಳವೆಗಳಲ್ಲಿ ಉಪ್ಪು ಕಲ್ಲಾಗಿ ಕಟ್ಟಿತ್ತು. ಅಮ್ಮ ತಾಮ್ರದ ಹಂಡೆ ಬೆಳಗುವ ಹುಣಿಸೆಹಣ್ಣನ್ನೆಲ್ಲ ಕಿವುಚಿ ತಂದು ಒಳಗೆ ಸುರಿದಳು. ಕಡ್ಡಿ, ತಂತಿ, ಕೈಗೆ ಸಿಕ್ಕಿದ್ದರಲ್ಲೆಲ್ಲ ತಿವಿದರು. ಅಪ್ಪ ಎಸ್ಟೇಟ್ ಜೀಪಿನ ಹಳೇ ಟಯರು ತಂದುಕೊಟ್ಟ. ಚಿಕ್ಕಪ್ಪ ಅದನ್ನೇ ಕೊಯ್ದು ಚಕ್ರ ಮಾಡಿದ. ಅದು ಆಗುವ ಕೆಲಸವಲ್ಲ ಎಂದು ಅವನಿಗೆ ಗೊತ್ತಿತ್ತು, ಅವನ ಮುಖ ನೋಡಿ ನನಗೂ ಗೊತ್ತಾಗಿತ್ತು.

ಮತ್ತೆ ಎಳೆದ. ಒಂದೆರಡು ಹನಿ ನೀರು ಬಂತು. "ಬಂತು, ಬಂತು ಕಣೇ," ಎಂದಳು ಅಮ್ಮ. ಆಮೇಲೆ ಸುಟ್ಟ ವಾಸನೆ, ಕಿವಿ ಸೀಳುವ ಕಿರುಚು, ಅಷ್ಟೇ. ಹಗ್ಗಕ್ಕೆ ಜೋತುಬಿದ್ದರೂ ಅದು ತಿರುಗಲಿಲ್ಲ. ಎಂಜಿನ್ ನಿಂತುಹೋದ ಮೇಲೂ ಅಮ್ಮ ಕೊಡದಿಂದ ಅದರ ಮೇಲೆ ನೀರು ಹೊಯ್ಯುತ್ತಲೇ ಇದ್ದಳು. ಅಪ್ಪ ಕೊಡ ಕಿತ್ತುಕೊಳ್ಳಬೇಕಾಯಿತು.

"ಬಯ್ದುಬಿಡೇ ನನ್ನ," ಎಂದು ತಂಗಿಯ ಕೈ ಹಿಡಿದುಕೊಂಡಳು.

"ಯಾಕಕ್ಕ ಬಯ್ಯಲಿ. ಒಳ್ಳೇದಕ್ಕೇ ತಾನೇ ಮಾಡಿದ್ದು."

ಚಿಕ್ಕಪ್ಪ ಕಡಲಿಗೆ ಹಿಂತಿರುಗಲಿಲ್ಲ. ನಮ್ಮ ಲೈನಿನಲ್ಲೇ ಪಕ್ಕದ ಮನೆ ಸಿಕ್ಕಿತು, ಕಾಫಿ ಕುಯ್ಯುವುದು ಕಲಿತ. ಈಗ ನಾನು ವರ್ಷಕ್ಕೊಮ್ಮೆ ಸಮುದ್ರ ನೋಡುತ್ತೇನೆ, ಅವನನ್ನು ಕರೆದರೆ ಬರುವುದಿಲ್ಲ. ಆದರೆ ನನ್ನನ್ನು ಸುಡುವುದು ಅದಲ್ಲ. ಪಾತ್ರೆಯ ತಳಕ್ಕೆ ಹತ್ತಿದ ಅನ್ನದ ಸೀಕಲಿಗೂ ಕಿತ್ತಾಡುತ್ತಿದ್ದ ಅಕ್ಕತಂಗಿಯರು ಅವರು. ಅಮ್ಮ ಈಗಿಲ್ಲ. ಗೋಡೆಗೆ ಗೋಡೆ ಅಂಟಿದ ಮನೆಯಲ್ಲಿದ್ದೂ, ಅವಳು ಸಾಯುವವರೆಗೆ ಚಿಕ್ಕಮ್ಮ ಅವಳ ಜೊತೆ ಒಂದು ಸಲವೂ ಜಗಳ ಆಡಲಿಲ್ಲ.