ಅತ್ತಿಗೆ ಅಳಿಸದೆ ಬಿಟ್ಟ ಕಣ

ನಮ್ಮತ್ತಿಗೆಗೆ ಮನೇಲಿ ಎಲ್ಲರೂ ಭೂತಗನ್ನಡಿ ಅಂತೀವಿ. ಅಣ್ಣ ಗಡ್ಡ ಬೋಳಿಸ್ಕೊಂಡು ಬಂದ್ರೆ, ಕಿವಿ ಕೆಳಗೆ ಕೂದಲು ಉಳಿದಿದೆ ಅಂತ ಅಡುಗೆಮನೆಯಿಂದಲೇ ಹೇಳ್ತಾರೆ.

ನಾನೂ ಅತ್ತಿಗೆನೂ ಕೆಲಸ ಮಾಡೋದು ಒಂದೇ ಕಡೆ, ಬಣ್ಣ ತಯಾರಿಸೋ ಕಾರ್ಖಾನೇಲಿ. ಬಣ್ಣದ ಪುಡಿ ಅರೆಯೋ ಮಿಲ್ಲು ನಂದು. ಪುಡಿ ನುಣ್ಣಗಾಗಿದೆಯಾ ಅಂತ ಮೈಕ್ರೋಸ್ಕೋಪಲ್ಲಿ ಫೋಟೋ ತೆಗೆದು ಅಳೆಯೋದು ಅವರ ಕೆಲಸ.

ಅತ್ತಿಗೆ ರಜ ಹಾಕಿದ ದಿನ ಬೇರೆಯವರು ಅಳೆದ್ರು. ಪುಡಿ ದಪ್ಪ ಅಂತ ಬಂತು. ಇಡೀ ಡ್ರಮ್ಮು ಚೆಲ್ಲಬೇಕು, ನಿನ್ನನ್ನ ಮೂಟೆ ಹೊರೋಕೆ ಹಾಕ್ತೀನಿ ಅಂದ್ರು ಮೇಸ್ತ್ರಿ.

ಮಾರನೇ ದಿನ ಬಂದವರೇ ಅತ್ತಿಗೆ ಅದೇ ಪುಡಿ ನೋಡೋಕೆ ಕೂತ್ರು. ಮೇಸ್ತ್ರಿ ಅವರ ಹಿಂದೆ, ನಾನು ಬಾಗಿಲಲ್ಲಿ. ಕಂಪ್ಯೂಟರಿನ ಪರದೆ ಮೇಲೆ ಒಂದು ಮೂಲೇಲಿ ಕಪ್ಪಗೆ ದೊಡ್ಡ ಚುಕ್ಕೆಯೊಂದು ಕಾಣ್ತು. ಅತ್ತಿಗೆ ಪುಡಿ ಹಾಕಿದ ಗಾಜಿನ ಪಟ್ಟಿ ಮೆಲ್ಲಗೆ ಸರಿಸಿದ್ರು. ಮಿಕ್ಕಿದ್ದೆಲ್ಲ ಸರೀತು, ಅದು ಮಾತ್ರ ಅಲ್ಲಾಡಲಿಲ್ಲ.

"ಬಾಡಿಗೆ ಕೊಡದೆ ಕೂತಿದೆ ನೋಡಿ ಇದು," ಅಂದ್ರು ಅತ್ತಿಗೆ.

ಪುಡಿನೇ ಅಲ್ಲ ಅದು. ಕ್ಯಾಮೆರಾ ಗಾಜಿನ ಧೂಳು. ಪ್ರತಿ ಫೋಟೋದಲ್ಲೂ ಅಲ್ಲೇ ಕೂತು ಲೆಕ್ಕಕ್ಕೆ ಸೇರ್ಕೊಂಡಿತ್ತು. ಅತ್ತಿಗೆ ಖಾಲಿ ಪಟ್ಟಿದೊಂದು ಫೋಟೋ ತೆಗೆದು, ಅದರಲ್ಲಿ ಕಂಡಿದ್ದನ್ನೆಲ್ಲ ಪುಡಿ ಫೋಟೋದಿಂದ ಕಂಪ್ಯೂಟರಲ್ಲೇ ಕಳೆದ್ರು. ಧೂಳೂ ಹೋಯ್ತು, ಫೋಟೋ ಅಂಚಲ್ಲಿದ್ದ ಕತ್ತಲೂ ಹೋಯ್ತು. ಒಗೆದು ಹಾಕಿದ ಬಟ್ಟೆ ಥರ ಬೆಳ್ಳಗಾಯ್ತು.

ಆಮೇಲೆ ಒಂದಕ್ಕೊಂದು ಅಂಟಿದ ಕಣಗಳು. ಎರಡಿರೋದನ್ನ ಕಂಪ್ಯೂಟರು ಒಂದೇ ಅಂದ್ಕೊಂಡಿತ್ತು. ಸೊಂಟದ ಹಾಗೆ ಸಣ್ಣಗಿರೋ ಕಡೆ ಗೆರೆ ಎಳೆದು ಬಿಡಿಸ್ತಾ ಹೋದ್ರು. ದಪ್ಪದ ಲೆಕ್ಕ ಸರಸರ ಇಳೀತು. ಮೇಸ್ತ್ರಿನೂ ಕುರ್ಚಿ ಎಳ್ಕೊಂಡು ಕೂತ್ರು.

ಕೊನೆಗೆ ನಡುವೆ ಒಂದು ದಪ್ಪ ಕಣ ಉಳೀತು. ಮೇಸ್ತ್ರಿಗೆ ಫೋನ್ ಬಂತು, ಆಚೆ ಹೋದ್ರು. ನಾನು ಓಡಿಹೋಗಿ ಪಿಸುಗುಟ್ಟಿದೆ.

"ಅತ್ತಿಗೆ, ಇದನ್ನೂ ಒರೆಸಿಬಿಡಿ."

ಅವರು ಪಟ್ಟಿ ಸರಿಸಿ ತೋರಿಸಿದ್ರು. ಅದೂ ಸರೀತು.

"ಇದು ನಿನ್ನ ಮಿಲ್ಲಿಂದೇ ಕಣಪ್ಪ. ಇದನ್ನ ಒರೆಸಿದ್ರೆ ಮಿಕ್ಕಿದ್ದನ್ನ ಯಾರು ನಂಬ್ತಾರೆ?"

ಅದನ್ನೂ ಸೇರಿಸೇ ಅಳೆದ್ರು. ಬೇಕಾದ್ದಕ್ಕಿಂತ ಒಂದು ಚೂರು ದಪ್ಪ ಅಂತ ಬಂತು. ಮೇಸ್ತ್ರಿ ವಾಪಸ್ ಬಂದ ಮೇಲೆ, ಚೆಲ್ಲೋ ಅಷ್ಟೇನೂ ಕೆಟ್ಟಿಲ್ಲ, ಇನ್ನೊಂದಿಷ್ಟು ಹೊತ್ತು ಅರೆದು ನೋಡೋಣ ಅಂದ್ರು ಅತ್ತಿಗೆ. ಮೇಸ್ತ್ರಿ ಹೂಂ ಅನ್ನೋದೇ ತಡ, ನಾನು ಮಿಲ್ಲಿನ ಹತ್ರ ಇದ್ದೆ.

ಮಧ್ಯಾಹ್ನ ಹೊಸ ಪುಡಿ ತಂದುಕೊಟ್ಟೆ. ಮತ್ತೆ ಖಾಲಿ ಪಟ್ಟಿ, ಮತ್ತೆ ಫೋಟೋ, ಮತ್ತೆ ಗೆರೆ. ಮೇಸ್ತ್ರಿ ಆಗಲೇ ಕುರ್ಚಿ ಹಾಕ್ಕೊಂಡು ಕೂತಿದ್ರು, ನಾನು ಬಾಗಿಲಲ್ಲೇ ನಿಂತಿದ್ದೆ.

"ಒಳಗೆ ಬಾ. ನಿನ್ನ ಪುಡಿ ನೀನೇ ನೋಡು," ಅಂದ್ರು ಅತ್ತಿಗೆ.

ದಪ್ಪಂದು ಒಂದೂ ಇರಲಿಲ್ಲ. ಎಲ್ಲ ಕಣವೂ ಗಸಗಸೆ ಚೆಲ್ಲಿದ ಹಾಗೆ ಒಂದೇ ಸಮ.

ಮೂಟೆ ಹೊರೋಕೆ ಬೇರೆ ಯಾರನ್ನಾದ್ರೂ ಹುಡುಕ್ಬೇಕು ಅಂತ ಗೊಣಗ್ತಾ ಮೇಸ್ತ್ರಿ ಎದ್ದುಹೋದ್ರು. ನಾನು ಅಲ್ಲೇ ನಗ್ತಾ ನಿಂತಿದ್ದೆ. ಅತ್ತಿಗೆ ನನ್ನ ಕಡೆ ತಿರುಗಿ ಒಂದ್ಸಲ ನೋಡಿದ್ರು.

"ಮೂಗಿನ ಮೇಲೆ ಬಣ್ಣ ಕೂತಿದೆ. ಅದನ್ನ ಒರೆಸ್ಕೋ."