ನಾನು ತಿರುಗಿಸಿ ಹೇಳದ ಮಾತು

ನಡೆದದ್ದನ್ನೆಲ್ಲ ದಿನಾಂಕ ಹಾಕಿ ಬರೆದಿಡುವ ಅಭ್ಯಾಸ ನನಗೆ ಹೈಸ್ಕೂಲಿನಿಂದಲೂ ಇದೆ. ಯಾರಾದರೂ ಶಕುನ, ದೆವ್ವ ಎಂದು ಶುರು ಮಾಡಿದರೆ, "ಎಷ್ಟು ಗಂಟೆಗೆ? ಪಕ್ಕದಲ್ಲಿ ಯಾರಿದ್ದರು?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ಹಾಗೆ ಕೇಳುವುದನ್ನು ಬಿಟ್ಟಿದ್ದೇನೆ.

ಎಂಬತ್ತರ ದಶಕದ ಮೊದಲ ವರ್ಷಗಳವು. ನಾನು ಮೆಡಿಕಲ್ ಓದುತ್ತಿದ್ದೆ. ವೈದ್ಯ ವಿದ್ಯಾರ್ಥಿಗಳು ಕೆಲವು ವಾರ ಬೇರೆ ದೇಶದ ಆಸ್ಪತ್ರೆಯಲ್ಲಿದ್ದು ಕಲಿಯುವ ಒಂದು ಕಾರ್ಯಕ್ರಮದಲ್ಲಿ ಸ್ಕಾಟ್ಲೆಂಡಿನ ಆಲನ್ ಎಂಬವನು ಕುಣಿಗಲ್‌ನ ಚಿಕ್ಕ ಆಸ್ಪತ್ರೆಯೊಂದಕ್ಕೆ ಬಂದಿದ್ದ. ನನ್ನ ಊರೂ ಅದೇ ಆದ್ದರಿಂದ ರಜೆಯಲ್ಲಿ ಅವನಿಗೆ ದುಭಾಷಿಯಾದೆ. ಅವನಿಗೆ ಬರುತ್ತಿದ್ದ ಕನ್ನಡ ಎರಡೇ ಪದ: ನೋವು, ಸರಿ.

ವಾರ್ಡಿನಲ್ಲಿ ಸಾಕಮ್ಮ ಎಂಬಾಕೆ ಇದ್ದರು. ಹೊಟ್ಟೆಯ ಕ್ಯಾನ್ಸರ್ ಎಲ್ಲೆಡೆ ಹಬ್ಬಿತ್ತು. ಬೆಂಗಳೂರಿನ ಆಸ್ಪತ್ರೆಯವರು ಕೈಚೆಲ್ಲಿ ಕಳಿಸಿದ್ದರು. ಆದರೂ ಆಲನ್‌ನನ್ನು ಕಂಡರೆ ನಗು. "ಇವ್ರವ್ವ ಬಿಸ್ಲೇ ತಾಕ್ದಂಗೆ ಸಾಕವ್ಳೆ ಕಣಪ್ಪ!" ಎನ್ನುತ್ತಿದ್ದರು. ಮಗ ರಂಗಸ್ವಾಮಿ ನನ್ನನ್ನು ಹೊರಗೆ ಕರೆದು, "ಅವ್ವಂಗೆ ಮಾತ್ರ ಹೇಳ್ಬ್ಯಾಡಿ ಡಾಕ್ಟ್ರೇ, ಎದೆ ಒಡ್ಕೊಂಡ್ಬುಡ್ತಾಳೆ" ಎಂದಿದ್ದ. ನಮ್ಮಲ್ಲಿ ಹಾಗೆಯೇ. ನಿಜ ಮನೆಯವರಿಗೆ ಗೊತ್ತಿರುತ್ತದೆ, ಮಲಗಿದವರಿಗಲ್ಲ.

ಆಲನ್ ಇದನ್ನು ಒಪ್ಪಲಿಲ್ಲ. ಒಂದು ಮಧ್ಯಾಹ್ನ ಮಗ ಊಟಕ್ಕೆ ಹೋಗಿದ್ದಾಗ, ಮಂಚದ ಪಕ್ಕ ಕೂತು ಇಂಗ್ಲಿಷಿನಲ್ಲಿ ನೇರವಾಗಿ ಹೇಳಿದ: ಇದು ವಾಸಿಯಾಗುವುದಿಲ್ಲ, ಯಾರನ್ನಾದರೂ ನೋಡಬೇಕಿದ್ದರೆ ಈಗಲೇ ಕರೆಸಿಕೊಳ್ಳಿ. ನಾನು ಕನ್ನಡದಲ್ಲಿ, "ಇನ್ನೂ ಚೆನ್ನಾಗಿ ಊಟ ಮಾಡ್ಬೇಕಂತೆ" ಎಂದೆ.

ಸಾಕಮ್ಮ ನನ್ನತ್ತ ನೋಡಲಿಲ್ಲ. ಅವನನ್ನೇ ನೋಡುತ್ತಾ, "ನನ್ ಮಗ್ಳು ಗೌರಿ ಗುಬ್ಬಿಲವ್ಳೆ. ಅವ್ಳು ಬರೋಗಂಟ ಇರ್ತೀನಾ ಮಗಾ?" ಎಂದರು.

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಲೇ ಇಲ್ಲ. ಆದರೂ ಆಲನ್ ಆಕೆಯ ಕೈ ಹಿಡಿದು, ಮಗಳು ಬೇಗ ಬಂದರೆ ಒಳ್ಳೆಯದು, ತನಗೆ ಭರವಸೆಯಿಲ್ಲ ಎಂದು ಇಂಗ್ಲಿಷಿನಲ್ಲೇ ಉತ್ತರಿಸಿದ. ಆಕೆ ತಲೆಯಾಡಿಸಿ ಗೋಡೆಯ ಕಡೆ ಹೊರಳಿದರು.

ಸಾಕಮ್ಮ ಅವನ ಮುಖ ನೋಡಿ ತಿಳಿದುಕೊಂಡಿರಬೇಕು ಎಂದು ನೀವು ಹೇಳಬಹುದು. ಸಾವು ಮುಖದಲ್ಲಿ ತಿಳಿದೀತು. ಆದರೆ ಮಗಳ ವಿಷಯ ಅವನಿಗೆ ತಿಳಿದದ್ದು ಹೇಗೆ? ವರಾಂಡದಲ್ಲಿ ಅವನನ್ನೇ ಕೇಳಿದೆ. "ನೀನೇ ಇಂಗ್ಲಿಷಿನಲ್ಲಿ ಹೇಳಿದೆಯಲ್ಲ" ಎಂದು ನನ್ನನ್ನು ವಿಚಿತ್ರವಾಗಿ ನೋಡಿದ. ಸಂಜೆ ಸಾಕಮ್ಮನನ್ನು ಕೇಳಿದೆ. "ನೀನ್ಯಾಕಪ್ಪ ಸುಳ್ಳೇಳ್ದೆ? ಆವಯ್ಯನೇ ಕನ್ನಡ್ದಲ್ಲಿ ದಿಟ ಹೇಳ್ತಲ್ಲ" ಎಂದರು.

ಗೌರಿ ತಾನು ಮೆಚ್ಚಿದವನನ್ನು ಮದುವೆಯಾಗಿದ್ದಳು. "ಅವ್ಳು ನಮ್ ಪಾಲಿಗೆ ಸತ್ತೋದ್ಲು" ಎಂದು ರಂಗಸ್ವಾಮಿ ಸುದ್ದಿ ಕಳಿಸಲು ಒಪ್ಪಲಿಲ್ಲ. ಮರುದಿನ ನಾನೇ ತುಮಕೂರಿಗೆ ಹೋಗಿ, ಬಸ್ಸು ಬದಲಿಸಿ, ಆಕೆಯ ಗಂಡ ಕೆಲಸ ಮಾಡುತ್ತಿದ್ದ ಗುಬ್ಬಿಯ ಕೊಬ್ಬರಿ ಮಂಡಿಗಳಲ್ಲಿ ವಿಚಾರಿಸಿ ಆಕೆಯನ್ನು ಹುಡುಕಿ ಕರೆತಂದೆ. ನಾವು ವಾರ್ಡಿಗೆ ಬರುವಷ್ಟರಲ್ಲಿ ಸಾಕಮ್ಮನ ಹಾಸಿಗೆ ಸುತ್ತಿಟ್ಟಿದ್ದರು.

ಗೌರಿ ಅಳಲಿಲ್ಲ. "ನಾ ಬರ್ಲಿ ಅಂತ ಅವ್ವನೇ ಕೇಳಿದ್ಲಾ?" ಎಂದಳು. ಹೌದೆಂದೆ.

"ಸಾಯ್ತೀಯ ಅಂತ ಅವ್ಳಿಗೆ ಹೇಳಿದ್ಯಾರು?"

ಪಕ್ಕದಲ್ಲಿ ನಿಂತಿದ್ದ ಆಲನ್ ನನ್ನತ್ತ ತಿರುಗಿ, ಆಕೆ ಏನು ಕೇಳುತ್ತಿದ್ದಾಳೆ ಎಂದ. ಈ ಸಲ ಅವನಿಗೆ ಕನ್ನಡ ಅರ್ಥವಾಗಿರಲಿಲ್ಲ. ಆ ರಾತ್ರಿ ದಿನಾಂಕ ಹಾಕಿ ಗೌರಿಯ ಪ್ರಶ್ನೆಯನ್ನಷ್ಟೇ ಬರೆದೆ; ಅದರ ಕೆಳಗಿನ ಜಾಗ ಇವತ್ತಿಗೂ ಖಾಲಿಯಿದೆ.